ಬೋರಲು ತಟ್ಟೆ

'ಸಾರ್ಥಕ ಬದುಕು' ಕಲಿಸುವ ಶಿಬಿರಕ್ಕೆ ಹೋಗುವ ಮುಂಚೆ ಸಾಹೇಬರು ಎಲ್ಲರಂಥ ಮನುಷ್ಯರೇ ಆಗಿದ್ದರು. ಟೀ ಆರಿದ್ದರೆ ಸಿಡುಕುವುದು, ಪೇಪರನ್ನು ತಮಗಿಂತ ಮೊದಲು ಯಾರಾದರೂ ಬಿಚ್ಚಿದರೆ ಮುಖ ಗಂಟಿಕ್ಕುವುದು, ಬಚ್ಚಲಿನ ದೀಪವನ್ನು ತಾವೇ ಆರಿಸದೆ ಬಂದು ಉಳಿದವರಿಗೆ ಬುದ್ಧಿ ಹೇಳುವುದು. ಇಂಥವು ಯಾವ ಮನೆಯಲ್ಲಿಲ್ಲ? ಹೆಂಡತಿಗೆ ಅವೆಲ್ಲ ಒಗ್ಗಿಹೋಗಿದ್ದವು. ವಾರ ಕಳೆದು ಶಿಬಿರದಿಂದ ಹಿಂತಿರುಗಿದ ಮನುಷ್ಯ ಮಾತ್ರ ಅವಳಿಗೆ ಹೊಸಬ. ಚಪ್ಪಲಿ ಬಿಡುವಾಗಲೇ ಮುಗುಳ್ನಗುತ್ತಿದ್ದರು. ಆರಿದ ಟೀ ಕುಡಿದು "ಪರವಾಗಿಲ್ಲ" ಎಂದರು. ಅವಳಿಗೆ ಭಯವೇ ಆಯಿತು.

"ಜ್ವರ ಗಿರ ಏನಾದ್ರೂ ಇದೆಯೇನ್ರೀ?"

"ಇಲ್ಲ ಕಣೇ. ಇಷ್ಟು ವರ್ಷ ಸುಮ್ನೆ ಉಸಿರಾಡಿದೀವಿ, ಬದುಕಿಲ್ಲ. ಸಾರ್ಥಕ ಬದುಕು ಅಂದ್ರೆ ಏನು ಅಂತ ಈಗ ಗೊತ್ತಾಯ್ತು. ಊಟಕ್ಕೆ ಎಲ್ಲರೂ ಸೇರಲಿ, ಹೇಳ್ತೀನಿ."

ಸಾಹೇಬರು ಅಳತೆ-ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಅಂಗಡಿಯವರು ಬೆನ್ನ ಹಿಂದೆ 'ತಕ್ಕಡಿ ಸಾಹೇಬ' ಅನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ತಕ್ಕಡಿ ಹೋಗಿ ಸಾಹೇಬರು ಮಾತ್ರ ಉಳಿದರು, ಮನೆಯಲ್ಲೂ ಬೀದಿಯಲ್ಲೂ. ಹೆಂಡತಿಯನ್ನು ಮನೆಯವರು 'ಲೇ', 'ಅಮ್ಮ', 'ಅತ್ತೆ', 'ಅಜ್ಜಿ' ಎಂದು ಕರೆಯುತ್ತಿದ್ದರು. ಅವಳನ್ನು ಅವಳದೇ ಒಂದು ಹೆಸರಿನಿಂದ ಕರೆಯುತ್ತಿದ್ದವಳು ಅವಳ ಅಕ್ಕ ಒಬ್ಬಳೇ. ಅರವತ್ತು ದಾಟಿದ ತಂಗಿ ಅವಳ ಬಾಯಲ್ಲಿ ಇನ್ನೂ 'ಪುಟ್ಟಿ'. ನಾವೂ ಹಾಗೇ ಕರೆಯೋಣ.

ಅಂದು ಊಟದ ಮೇಜಿನ ಮೇಲೆ ತಟ್ಟೆಗಳೆಲ್ಲ ಬೋರಲಾಗಿದ್ದವು. ಸಾಹೇಬರೇ ಒಂದೊಂದಾಗಿ ಮಗುಚಿ ಇಟ್ಟಿದ್ದರು. ಮಗ ಬಂದು ಕೂತು ಅಭ್ಯಾಸಬಲದಿಂದ ತಟ್ಟೆ ತಿರುಗಿಸಹೋದ. ಸಾಹೇಬರು ಅವನ ಕೈ ಹಿಡಿದರು.

"ಇವತ್ತಿಂದ ಈ ಮನೇಲಿ ಒಂದು ನಿಯಮ. ಆ ದಿನ ಮಾಡಿದ ಒಂದು ಒಳ್ಳೇ ಕೆಲಸ ಹೇಳ್ಬೇಕು. ಹೇಳಿದ ಮೇಲೆ ತಟ್ಟೆ ತಿರುಗಿಸ್ಬೇಕು. ಏನೂ ಮಾಡಿಲ್ಲ ಅಂದ್ರೆ ತಟ್ಟೆ ಹಾಗೇ ಇರುತ್ತೆ."

"ಅಂದ್ರೆ ಊಟ ಇಲ್ವಾ ತಾತ?" ಎಂದಳು ಮೊಮ್ಮಗಳು.

"ಒಂದು ಒಳ್ಳೇ ಕೆಲಸ ಮಾಡೋದು ಅಷ್ಟು ಕಷ್ಟವಾ ಪುಟಾಣಿ?"

ಟೈರಿನ ಅಂಗಡಿಯಲ್ಲಿ ಕೆಲಸ ಮಾಡುವ ಮಗ ಸೈಕಲ್ಲಿಗೊಂದಕ್ಕೆ ಬಿಟ್ಟಿ ಗಾಳಿ ಹೊಡೆದಿದ್ದನಂತೆ, ತಟ್ಟೆ ತಿರುಗಿಸಿದ. ಕನ್ನಡಕದ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವ ಸೊಸೆ ಯಾರದೋ ಕನ್ನಡಕ ಒರೆಸಿಕೊಟ್ಟಿದ್ದಳಂತೆ, ತಿರುಗಿಸಿದಳು. ಮಗು ಪೆನ್ಸಿಲ್ ಕೊಟ್ಟಿತ್ತು. ಎಲ್ಲರೂ ಪುಟ್ಟಿಯ ಮುಖ ನೋಡಿದರು. ಅವಳು ಸೌಟು ಹಿಡಿದು ನಿಂತಿದ್ದಳು.

"ನಾನು ಬೆಳಿಗ್ಗೆಯಿಂದ ಅಡುಗೆ ಮಾಡಿದೆ, ಬಟ್ಟೆ ಒಗೆದೆ, ಅಕ್ಕಂಗೆ ಸ್ನಾನ..."

"ಅದು ಲೆಕ್ಕಕ್ಕಿಲ್ಲ ಕಣೇ," ಎಂದರು ಸಾಹೇಬರು ಮೃದುವಾಗಿ. "ಅದು ಕರ್ತವ್ಯ. ಕರ್ತವ್ಯ ಬೇರೆ, ಒಳ್ಳೇ ಕೆಲಸ ಬೇರೆ. ಮೊದಲ್ನೇ ದಿನವೇ ಹೇಳಿಕೊಟ್ರು."

"ಹಾಗಾದ್ರೆ ನಾಳೆಯಿಂದ ಕರ್ತವ್ಯ ಬಿಟ್ಟು ಒಳ್ಳೇ ಕೆಲಸ ಮಾಡ್ಲಾ?"

"ತಮಾಷೆ ಮಾಡ್ಬೇಡ."

ಸಾರು ಆರುತ್ತಿತ್ತು. ಮಗು ಖಾಲಿ ತಟ್ಟೆಯನ್ನೇ ನೋಡುತ್ತಿತ್ತು. ಪುಟ್ಟಿ ಬಾಯಿಗೆ ಬಂದದ್ದು ಹೇಳಿದಳು. "ಬೀದಿ ನಲ್ಲಿ ತೊಟ್ಟಿಕ್ತಿತ್ತು. ತಿರುಗಿಸಿ ನಿಲ್ಲಿಸಿ ಬಂದೆ."

ಸಾಹೇಬರ ಕಣ್ಣು ಅರಳಿತು. "ನೋಡಿದ್ಯಾ! ಇದು ಒಳ್ಳೇ ಕೆಲಸ."

ಅಂದಿನಿಂದ ಬಹಳ ದಿನ ಪುಟ್ಟಿ ಅದೇ ನಲ್ಲಿಯನ್ನು ನಿಲ್ಲಿಸಿದಳು. ಯಾರೂ ಹೋಗಿ ನೋಡಲಿಲ್ಲ. ಆ ಬೀದಿಯಲ್ಲಿ ನಲ್ಲಿಯೇ ಇರಲಿಲ್ಲ.

ಮೆಟ್ಟಿಲ ಪಕ್ಕದ ಚಿಕ್ಕ ಕೋಣೆಯಲ್ಲಿದ್ದ ಅಕ್ಕ ಇದನ್ನು ಕೇಳಿ ಕೆಮ್ಮು ಬರುವವರೆಗೆ ನಕ್ಕಳು. ಅಕ್ಕ ಮದುವೆಯಾಗಿರಲಿಲ್ಲ. ಸ್ಕೂಲ್ ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ ಆಯಸ್ಸು ಕಳೆದಿದ್ದಳು. ಕಣ್ಣು ಮಂಜಾಗಿ, ಮಂಡಿ ಸೋತು, ಸಕ್ಕರೆ ಕಾಯಿಲೆಯೂ ಜೊತೆಯಾದ ಮೇಲೆ ತಂಗಿಯ ಮನೆಗೆ ಬಂದಿದ್ದಳು. ಊಟ ಅವಳಿಗೆ ಬೇಗ ಬೇಕು, ಹಾಗಾಗಿ ಕೋಣೆಗೇ ಹೋಗುತ್ತಿತ್ತು. ಅವಳ ನಾಲಿಗೆ ಕತ್ತರಿಯಂಥದ್ದು. ಆದರೆ ಅದು ಆಡುತ್ತಿದ್ದದ್ದು ಪುಟ್ಟಿಯ ಎದುರು ಮಾತ್ರ. ಸಾಹೇಬರೋ ಅವರ ಮಗನೋ ಬಾಗಿಲಲ್ಲಿ ನಿಂತರೆ ಅಕ್ಕ ಸೀರೆ ಸರಿಮಾಡಿಕೊಂಡು, "ಎಲ್ಲಾ ಚೆನ್ನಾಗಿದೆ, ನನಗೇನೂ ಬೇಡ, ನೀವು ಚೆನ್ನಾಗಿರಿ" ಅನ್ನುವ ಬೇರೆಯೇ ಹೆಂಗಸಾಗಿಬಿಡುತ್ತಿದ್ದಳು.

"ನಿನ್ನ ಗಂಡ ತೂಕದ ಕಲ್ಲಿಗೆ ಮುದ್ರೆ ಒತ್ತುತಿದ್ನಲ್ಲ, ಈಗ ಮನುಷ್ಯರಿಗೆ ಒತ್ತುತಾ ಇದಾನೆ," ಎಂದಳು. "ನಿನಗೆ ಯಾವಾಗ ಬೀಳುತ್ತೋ ಮುದ್ರೆ!"

"ಬಿದ್ದಾಯ್ತು. ಕರ್ತವ್ಯ ಅಂತ."

ಒಳ್ಳೆಯ ಕೆಲಸವೇನು ಬೀದಿಯಲ್ಲಿ ಬಿದ್ದಿರುತ್ತದೆಯೇ? ಕೆಲವು ವಾರ ಕಳೆಯುವಷ್ಟರಲ್ಲಿ ಆ ಮನೆಯವರಿಗೆ ಅದು ಸಿಗುವುದೇ ಕಷ್ಟವಾಯಿತು. ಮಗ ಬಿಟ್ಟಿ ಗಾಳಿ ಹೊಡೆಯುವುದನ್ನು ಅಂಗಡಿಯ ಮಾಲೀಕ ನೋಡಿ ಎಲ್ಲರೆದುರು ಮಂಗಳಾರತಿ ಎತ್ತಿದ. ಸೊಸೆ ಕೇಳದಿದ್ದರೂ ಎಲ್ಲರ ಕನ್ನಡಕ ಕಿತ್ತುಕೊಂಡು ಒರೆಸುತ್ತಾಳೆ ಎಂದು ಗಿರಾಕಿಗಳು ದೂರಿದರು. ಪಕ್ಕದ ಮನೆಯಾಕೆ ಸಾಹೇಬರು ಗೇಟಿನ ಹತ್ತಿರ ಕಂಡರೆ ಸಾಕು, ಕೈಚೀಲವನ್ನು ಎದೆಗವಚಿಕೊಂಡು ಒಳಗೋಡುತ್ತಿದ್ದಳು. ಒಮ್ಮೆ ಅವಳ ಕೈಯಿಂದ ಚೀಲ ಕಿತ್ತು ಮನೆಯವರೆಗೆ ಹೊತ್ತು ತರುವಾಗ ಮೊಟ್ಟೆಗಳನ್ನೆಲ್ಲ ಒಡೆದಿದ್ದರು.

ಸೊಸೆಗೆ ಶಾಲೆಯಿಂದ ಕರೆ ಬಂತು. ಮಗು ಆಟದ ಬಯಲಿನಲ್ಲಿ ಹುಡುಗಿಯೊಬ್ಬಳಿಗೆ ಅಡ್ಡಗಾಲು ಕೊಟ್ಟು ಬೀಳಿಸಿತ್ತು. ಬೀಳಿಸಿ, ಕೈ ಹಿಡಿದು ಎತ್ತಿ, ಮಂಡಿಯ ರಕ್ತವನ್ನು ತನ್ನ ಕರವಸ್ತ್ರದಿಂದ ಒರೆಸಿತ್ತು. ಅದೂ ಮೊದಲ ಸಲವಲ್ಲ. ಟೀಚರು ಗಮನಿಸುತ್ತಲೇ ಇದ್ದರಂತೆ, ಈ ಹುಡುಗಿ ಯಾಕೆ ದಿನಾ ಒಬ್ಬೊಬ್ಬರನ್ನು ಎತ್ತುತ್ತಾಳೆ ಎಂದು.

"ಯಾಕೆ ಹಾಗೆ ಮಾಡ್ದೆ?" ಎಂದು ಸೊಸೆ ಊಟದ ಮೇಜಿನಲ್ಲಿ ಗದರಿದಳು.

"ಯಾರೂ ತಾವಾಗಿ ಬೀಳ್ತಾನೇ ಇರ್ಲಿಲ್ಲ ಅಮ್ಮ," ಎಂದು ಮಗು ಅತ್ತಿತು. "ನಂಗೆ ಹಸಿವಾಗ್ತಿತ್ತು."

ಪುಟ್ಟಿ ಗಂಡನ ಕಡೆ ತಿರುಗಿದಳು. "ಸಾಕು ಮಾಡ್ರೀ ಇದನ್ನ," ಎಂದಳು. "ಮಗೂನ ಏನು ಮಾಡಿಟ್ಟಿದೀರ ನೋಡಿ."

ಸಾಹೇಬರು ಯೋಚಿಸಿದರು. ಅವರು ಯೋಚಿಸುವಾಗ ಗಲ್ಲದ ಮೇಲೆ ಎರಡು ಬೆರಳಿಡುವುದನ್ನೂ ಶಿಬಿರದಲ್ಲೇ ಕಲಿತುಬಂದಿದ್ದರು. "ಬೀಳಿಸಿದ್ದು ತಪ್ಪು. ಅದನ್ನ ನಾಳೆ ಮಾತಾಡೋಣ. ಆದ್ರೆ ಎತ್ತಿದಾಳಲ್ಲ? ಓಡಿಹೋಗ್ಲಿಲ್ಲವಲ್ಲ? ಎತ್ತಿದ್ದು ಒಳ್ಳೇದೇ. ತಟ್ಟೆ ತಿರುಗಿಸು ಪುಟಾಣಿ."

ಮಗು ಮೂಗು ಸುರಿಸುತ್ತಲೇ ತಟ್ಟೆ ತಿರುಗಿಸಿತು. ಥೂ! ಪುಟ್ಟಿಗೆ ತಾನು ಬೇಯಿಸಿದ ಅನ್ನದ ಮೇಲೇ ಹೇಸಿಗೆಯಾಯಿತು. ಆದರೂ ಬಡಿಸಿದಳು. ಹಸಿದ ಮಗುವಿನ ಎದುರು ಇನ್ನೇನು ಮಾಡುತ್ತಾಳೆ?

ಹೊರಗೆ ಒಳ್ಳೆಯ ಕೆಲಸಕ್ಕೆ ಬರ ಬಂದಾಗ ಮನೆಯ ಒಳಗೇ ಒಂದು ಗಣಿ ಇದೆ ಎಂಬುದು ಮೊದಲು ಹೊಳೆದದ್ದು ಮಗನಿಗೆ. ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಏಳಲಾಗದ, ಓಡಲಾಗದ, ಬೇಡ ಅನ್ನಲಾಗದ ಒಂದು ಜೀವ ಇತ್ತಲ್ಲ! ಒಂದು ಸಂಜೆ ಅವನು ದೊಡ್ಡಮ್ಮನ ಉಗುರು ಕತ್ತರಿಸಿದ. ಹೊರಗೆ ಬಂದು ಖುಷಿಯಲ್ಲಿ ಅಪ್ಪನಿಗೆ ಹೇಳಿದ. ಊಟಕ್ಕೆ ಕೂತಾಗ ಮೊದಲ ಮಾತು ಅಪ್ಪನದೇ ತಾನೇ? "ಇವತ್ತು ನನ್ನ ಮಾತಿನಿಂದ ಪ್ರೇರಣೆ ಪಡೆದು ನಮ್ಮ ಮಗ ಅತ್ತಿಗೆಯ ಉಗುರು ಕತ್ತರಿಸಿದ. ಪ್ರೇರಣೆ ಕೊಟ್ಟಿದ್ದು ನನ್ನ ಕೆಲಸ," ಎಂದು ಸಾಹೇಬರು ತಟ್ಟೆ ತಿರುಗಿಸಿಯೇಬಿಟ್ಟರು. ಅವತ್ತಿನಿಂದ ಆ ಮನೆಯಲ್ಲಿ ಯಾರೂ ಊಟದ ಹೊತ್ತಿನವರೆಗೆ ತಾವು ಮಾಡಿದ್ದನ್ನು ಬಾಯಿಬಿಡುತ್ತಿರಲಿಲ್ಲ. ಕಳ್ಳರ ಹಾಗೆ ಕದ್ದುಮುಚ್ಚಿ ಉಪಕಾರ ಮಾಡತೊಡಗಿದರು.

ಅಕ್ಕನ ಪಾಡು ಕೇಳಬೇಕೇ? ಮಗ ಕತ್ತರಿಸಿದ ಉಗುರನ್ನು ಮಾರನೆಯ ದಿನ ಸೊಸೆ ಮತ್ತೆ ಕತ್ತರಿಸಿದಳು, ಬೆರಳ ತುದಿ ಕೆಂಪಾಯಿತು. ಒಬ್ಬರು ಎಣ್ಣೆ ಹಚ್ಚಿ ಹೋದ ತಲೆಗೆ ಇನ್ನೊಬ್ಬರು ಎಣ್ಣೆ ಹಚ್ಚಿದರು, ದಿಂಬು ತೊಯ್ದು ವಾಸನೆ ಹೊಡೆಯಿತು. ಒಂದೇ ಪೇಪರನ್ನು ಮೂವರು ಬೇರೆ ಬೇರೆ ಹೊತ್ತಿನಲ್ಲಿ ಬಂದು ಓದಿ ಹೇಳಿದರು. ಮೂರು ಸಲವೂ ಅಕ್ಕ "ಹೌದಾ!" ಎಂದು ಅಚ್ಚರಿಪಟ್ಟಳು.

"ನಾನೇನೇ ಪುಟ್ಟಿ, ಕಲಿಕೆಯವರಿಗೆ ಕೊಡೋ ಬಟ್ಟೆ ತುಂಡಾ?" ಎಂದಳು ಎಣ್ಣೆ ಜಿಡ್ಡಿನ ಕೂದಲನ್ನು ಹಿಂಡುತ್ತ. "ನಮ್ಮಂಗಡೀಲಿ ಹೊಸಬರಿಗೆ ಒಂದು ಚಿಂದಿ ಕೊಡ್ತಿದ್ವಿ. ಅದರ ಮೇಲೇ ಹೊಲಿ, ಬಿಚ್ಚು, ಮತ್ತೆ ಹೊಲಿ. ಕೊನೆಗೆ ಅದರಲ್ಲಿ ಬಟ್ಟೆಗಿಂತ ತೂತೇ ಜಾಸ್ತಿ ಇರ್ತಿತ್ತು."

"ಬೇಡ ಅಂತ ಹೇಳ್ಬಾರ್ದಾ ಅಕ್ಕ?"

"ನೋಡೋಣ," ಎಂದಳು ಅಕ್ಕ, ಗೋಡೆಯ ಕಡೆ ತಿರುಗಿ.

ಆ ಭಾನುವಾರ ಪುಟ್ಟಿ ಹೊರಗೆ ಹೋಗಬೇಕಿತ್ತು. ಹಿಂದಿನ ಬಾಡಿಗೆ ಮನೆಯಲ್ಲಿ ನೆರೆಯವಳಾಗಿದ್ದ ಗೆಳತಿಯ ಗಂಡ ತೀರಿಕೊಂಡಿದ್ದ. ಬೆಳಿಗ್ಗೆಯೇ ಎದ್ದು ಅಡುಗೆ ಮುಗಿಸಿ ಮುಚ್ಚಿಟ್ಟಳು. ಅಕ್ಕನಿಗೆ ತಿಂಡಿ ಕೊಟ್ಟು, ಕಿಟಕಿ ಕಟ್ಟೆಯ ಮೇಲಿದ್ದ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎಂದಿನಂತೆ ಕೊಟ್ಟಳು. ಅದನ್ನು ಯಾರಿಗೂ ಹೇಳಲಿಲ್ಲ. ವರ್ಷಗಟ್ಟಲೆ ಕೊಟ್ಟಿದ್ದಳು, ಎಂದೂ ಹೇಳಿರಲಿಲ್ಲ. ಅದು ಕರ್ತವ್ಯ ತಾನೇ? "ಮಧ್ಯಾಹ್ನ ಅಕ್ಕಂಗೆ ಊಟ ಮರೀಬೇಡಮ್ಮ," ಎಂದು ಸೊಸೆಗೆ ಹೇಳಿ ಹೊರಟಳು.

ಸಾವಿನ ಮನೆಯಲ್ಲಿ ದಿನವಿಡೀ ಕೂತು ಸಂಜೆ ಮನೆಗೆ ಬಂದಾಗ ಸೊಂಟ ಬಿದ್ದುಹೋಗಿತ್ತು. ಅಕ್ಕನ ಕೋಣೆಯ ಬಾಗಿಲು ಮುಚ್ಚಿತ್ತು.

"ಮಲಗಿದಾರೆ ಅತ್ತೆ, ಎಬ್ಬಿಸ್ಬೇಡಿ," ಎಂದಳು ಸೊಸೆ ಪಿಸುಮಾತಿನಲ್ಲಿ. ತುಟಿಯ ಮೇಲೆ ಬೆರಳು ಬೇರೆ.

"ಈ ಹೊತ್ತಲ್ಲಿ ಎಂಥಾ ನಿದ್ದೆ? ಒಂದು ಸಲ ನೋಡಿ ಬರ್ತೀನಿ."

"ಆಮೇಲೆ ನೋಡೀವಂತೆ," ಎಂದರು ಸಾಹೇಬರು ಮೇಜಿನಿಂದ. "ಎಲ್ಲರಿಗೂ ಹೊಟ್ಟೆ ಚುರುಗುಟ್ತಾ ಇದೆ. ನಿನಗೋಸ್ಕರ ಕಾದಿದೀವಿ. ಕಾಯೋದೂ ಒಂದು ಒಳ್ಳೇ ಕೆಲಸವೇ, ಆದ್ರೆ ನಾನದನ್ನ ಹೇಳಲ್ಲ. ಇವತ್ತು ನನ್ನ ಹತ್ರ ಬೇರೇದಿದೆ."

ಪುಟ್ಟಿ ಕೈಕಾಲು ತೊಳೆದು ಸಾರು ಬಿಸಿ ಮಾಡಿ ತಂದಳು. ಸಾಹೇಬರು ಗಂಟಲು ಸರಿಪಡಿಸಿಕೊಂಡರು.

"ಇವತ್ತು ಇವಳು ಮನೇಲಿರಲಿಲ್ಲ. ಯಾರಿಗೂ ನೆನಪಾಗದ ಒಂದು ವಿಷಯ ನನಗೆ ನೆನಪಾಯ್ತು. ಅತ್ತಿಗೆಗೆ ಅವರ ಮಾತ್ರೆ ಕೊಟ್ಟೆ."

"ಅಪ್ಪಾ!" ಮಗ ಕುರ್ಚಿ ಹಿಂದೆ ತಳ್ಳಿದ. "ಅದು ನಂದು!"

"ನಿಂದು ಹೇಗಾಗುತ್ತೋ? ನಾನು ಕೈಯಾರೆ ಕೊಟ್ಟೆ. ನೀರು ಕುಡಿಸಿದೆ."

"ನಾನೂ ಕೈಯಾರೆ ಕೊಟ್ಟೆ! ನೀರೂ ಕುಡಿಸಿದೆ! ಉಗುರಿನ ದಿನವೂ ಹೀಗೇ ಮಾಡಿದ್ರಿ. ಪ್ರತಿ ಸಲ ನಂದನ್ನ ಕಿತ್ಕೋತೀರ!"

"ನಾನು ಪೇಪರ್ ಓದೋದಕ್ಕೆ ಮುಂಚೆಯೇ ಕೊಟ್ಟಿದ್ದು. ಮೊದಲು ಕೊಟ್ಟೋನಿಗೆ..."

"ಯಾರು ಮೊದಲು ಅಂತ ದೊಡ್ಡಮ್ಮನ್ನೇ ಕೇಳೋಣ ಬನ್ನಿ!"

"ಯಾರೂ ಅಲ್ಲಿಗೆ ಹೋಗ್ಬೇಡಿ," ಎಂದಳು ಸೊಸೆ. "ಅದು ನಂದು. ಮಧ್ಯಾಹ್ನ ಊಟ ತಗೊಂಡು ಹೋದಾಗ ದೊಡ್ಡತ್ತೆ ಗಾಢ ನಿದ್ದೆಯಲ್ಲಿದ್ರು. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಯಾರೂ ತೊಂದರೆ ಕೊಡ್ದೇ ಇರ್ಲಿ ಅಂತ ಬಾಗಿಲು ಮುಚ್ಚಿ ಬಂದೆ."

ಮಗು ಬೆರಳು ಮಡಿಸುತ್ತಿತ್ತು. "ಹಾಗಾದ್ರೆ ದೊಡ್ಡಜ್ಜಿ ಎರಡು ಮಾತ್ರೆ ನುಂಗಿದ್ರಾ?"

"ಮೂರು," ಎಂದಳು ಪುಟ್ಟಿ. ದನಿ ಅವಳದೇ ಎಂದು ಅವಳಿಗೇ ಗೊತ್ತಾಗಲಿಲ್ಲ. "ಬೆಳಿಗ್ಗೆ ನಾನು ಕೊಟ್ಟೇ ಹೋಗಿದ್ದೆ."

ಓಡಿದಳು. ಸೋತ ಸೊಂಟ ಎಲ್ಲಿ ಹೋಯಿತೋ. ಅಕ್ಕ ಹಾಸಿಗೆಯಲ್ಲಿ ಬೆವರಿನಲ್ಲಿ ತೊಯ್ದು ಬಿದ್ದಿದ್ದಳು. ರವಿಕೆ ಮೈಗಂಟಿತ್ತು. ಹಲ್ಲು ಕಚ್ಚಿಕೊಂಡಿದ್ದವು, ಕಣ್ಣು ಅರೆ ತೆರೆದಿದ್ದರೂ ನೋಟ ಇರಲಿಲ್ಲ. ಮೈ ತಣ್ಣಗಿತ್ತು. "ಅಕ್ಕಾ! ಅಕ್ಕಾ!" ಎಂದು ಪುಟ್ಟಿ ಕೆನ್ನೆ ತಟ್ಟಿದಳು. ಸಕ್ಕರೆ ತಂದು ತುಟಿಯ ಒಳಗೆ ಸವರಿದಳು. ಮಗ ಅಪ್ಪನ ಹಳೇ ಕಾರು ತೆಗೆಯಲು ಓಡಿದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೈಗೆ ಸೂಜಿ ಚುಚ್ಚಿ ಗ್ಲೂಕೋಸು ಏರಿಸುತ್ತಲೇ ಕೇಳಿದರು. "ಸಕ್ಕರೆ ಪೂರ್ತಿ ತಳ ಮುಟ್ಟಿದೆ. ಊಟವೂ ಮಾಡಿಲ್ಲ. ಎಷ್ಟು ಮಾತ್ರೆ ಹೋಗಿದೆ? ಯಾರು ಕೊಟ್ಟಿದ್ದು?"

ಅರ್ಧ ಗಂಟೆಯ ಹಿಂದೆ 'ಅದು ನಂದು, ಅದು ನಂದು' ಎಂದು ಬಡಿದಾಡಿದ ಬಾಯಿಗಳು ಈಗ ಹೊಲಿದುಕೊಂಡವು. ಮಗ ಗೋಡೆಯ ಮೇಲಿನ ಬೋರ್ಡು ಓದಿದ. ಸೊಸೆ ಮಗುವಿನ ಜಡೆ ಸರಿಮಾಡಿದಳು. ಸಾಹೇಬರು ಗಲ್ಲದ ಮೇಲೆ ಎರಡು ಬೆರಳಿಟ್ಟುಕೊಂಡು ಹೇಳಿದರು, "ವಯಸ್ಸಾಗಿದೆ ಡಾಕ್ಟ್ರೇ. ಮರೆವು. ತಾವೇ ಎರಡೆರಡು ಸಲ ನುಂಗಿರ್ಬೇಕು."

ಪುಟ್ಟಿ ಗಂಡನ ಮುಖ ನೋಡಿದಳು. ಅದೇ ಶಾಂತ ಮುಖ. ನಲವತ್ತು ವರ್ಷ ಆ ಮುಖದ ಎದುರು ಊಟ ಬಡಿಸಿದ್ದಳು. ಬಚ್ಚಲಿನ ಜಾಲರಿಯಲ್ಲಿ ಸಿಕ್ಕ ಕೂದಲ ಗಂಟನ್ನು ಬರಿಗೈಲಿ ಎಳೆದು ತೆಗೆಯುವಾಗ ಮೈ ಜುಮ್ಮೆನ್ನುತ್ತದಲ್ಲ, ಹಾಗಾಯಿತು.

"ಸುಳ್ಳು," ಎಂದಳು. "ನಾವು ಕೊಟ್ಟಿದ್ದು ಡಾಕ್ಟ್ರೇ. ಮೂರು. ನಾನೊಂದು, ಇವರೊಂದು, ಇವನೊಂದು. ಊಟಕ್ಕೆ ಎಬ್ಬಿಸ್ದೆ ಬಾಗಿಲು ಹಾಕಿದ್ದು ಅವಳು."

ಅಕ್ಕ ಉಳಿದಳು. ಆದರೆ ಮಾತು ನಿಧಾನವಾಯಿತು, ಒಂದೊಂದು ಪದವನ್ನೂ ಹುಡುಕಿ ತೆಗೆಯುವಂತಾಯಿತು. ಬಲಗೈ ಲೋಟ ಹಿಡಿದರೆ ನಡುಗುತ್ತಿತ್ತು. ದಿನ ಕಳೆದಂತೆ ಸ್ವಲ್ಪ ಸುಧಾರಿಸಬಹುದು, ಪೂರ್ತಿ ಆಗುತ್ತದೆಂದು ಹೇಳಲಾರೆ ಎಂದರು ಡಾಕ್ಟರಮ್ಮ.

ಪುಟ್ಟಿ ಹಗಲು ಆಸ್ಪತ್ರೆಯಲ್ಲಿದ್ದು ಸಂಜೆ ಅಡುಗೆಗೆ ಬರುತ್ತಿದ್ದಳು. ಮೊದಲೆರಡು ದಿನ ಯಾರೂ ತಟ್ಟೆಗಳನ್ನು ಬೋರಲು ಹಾಕಲಿಲ್ಲ. ನಿಯಮ ಸತ್ತಿತು ಎಂದುಕೊಂಡಳು. ಮೂರನೆಯ ದಿನ ತಟ್ಟೆಗಳು ಮತ್ತೆ ಬೋರಲಾಗಿದ್ದವು.

"ನಾನು ಶಿಬಿರದವರ ಹತ್ರ ಫೋನಿನಲ್ಲಿ ಮಾತಾಡಿದೆ," ಎಂದರು ಸಾಹೇಬರು. "ತಪ್ಪನ್ನ ಒಪ್ಪಿಕೊಳ್ಳೋದು ಎಲ್ಲಕ್ಕಿಂತ ದೊಡ್ಡ ಒಳ್ಳೇ ಕೆಲಸ ಅಂದ್ರು. ಹಾಗಾಗಿ ಇವತ್ತು ನಾನು ಒಪ್ಪಿಕೊಳ್ತೀನಿ. ನಾನು ಮಾತ್ರೆ ಕೊಟ್ಟೆ. ಡಾಕ್ಟ್ರ ಹತ್ರ ಸುಳ್ಳು ಹೇಳ್ದೆ." ಕಣ್ಣಲ್ಲಿ ನೀರೂ ಬಂತು. ಒರೆಸಿಕೊಂಡು ತಟ್ಟೆ ತಿರುಗಿಸಿದರು.

ಮಗನೂ ಒಪ್ಪಿಕೊಂಡ. ಸೊಸೆ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದವಳ ಹಾಗೆ ಫಳಫಳ ಹೊಳೆದಳು.

"ಹೇಳಿದ ಮೇಲೆ ಎಷ್ಟು ಹಗುರಾಯ್ತು ಗೊತ್ತಾ ಅತ್ತೆ! ಮೂರು ದಿನದಿಂದ ಊಟವೇ ಸೇರಿರಲಿಲ್ಲ. ಇನ್ನೊಂಚೂರು ಪಲ್ಯ ಹಾಕಿ."

"ನಂಗೂ," ಎಂದ ಮಗ.

ತಿಂದರು. ಅಬ್ಬಬ್ಬಾ, ಏನು ತಿಂದರು! ಅನ್ನ ಕಲಸುವ ಪಚಪಚ, ಸಾರು ಸುರಿಯುವ ಸೊರ್ ಸದ್ದು. ಸಾಹೇಬರ ಮೀಸೆಯಲ್ಲಿ ಅನ್ನದ ಅಗುಳೊಂದು ಸಿಕ್ಕಿ ಅವರು ಅಗಿದಂತೆಲ್ಲ ಕುಣಿಯುತ್ತಿತ್ತು. ಅಲ್ಲಿ ಒಂದು ಜೀವ ನಾಲಿಗೆ ತೊದಲುತ್ತ ನೀರು ಕೇಳುತ್ತಿದೆ, ಇಲ್ಲಿ ಅದೇ ಪಾಪವನ್ನು ಉಪ್ಪಿನಕಾಯಿಯ ಹಾಗೆ ನಂಜಿಕೊಂಡು ಉಣ್ಣುತ್ತಿದ್ದಾರೆ. ಪುಟ್ಟಿ ಸೌಟು ಬಿಟ್ಟು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಹಳದಿ ನೀರು ಬಂತು.

"ಆಯಾಸ ಪಾಪ," ಎಂದು ಸಾಹೇಬರು ಹೇಳಿದ್ದು ಬಚ್ಚಲಿಗೂ ಕೇಳಿಸಿತು. "ಅವಳಿಗೂ ಒಪ್ಪಿಕೊಂಡ್ರೆ ಸಮಾಧಾನ ಆಗುತ್ತೆ."

ಮರುದಿನ ಆಸ್ಪತ್ರೆಯಲ್ಲಿ ಅಕ್ಕನಿಗೆ ಗಂಜಿ ಕುಡಿಸುತ್ತ ಪುಟ್ಟಿ ಬಹಳ ದಿನದಿಂದ ಕೊರೆಯುತ್ತಿದ್ದದ್ದನ್ನು ಕೇಳಿದಳು.

"ನಿನಗೆ ಗೊತ್ತಾಗ್ಲಿಲ್ವಾ ಅಕ್ಕ? ನಾನು ಕೊಟ್ಟು ಹೋಗಿದ್ದು ಮರೆತುಹೋಯ್ತಾ?"

ಅಕ್ಕ ಪದಗಳನ್ನು ಒಂದೊಂದೇ ಹುಡುಕಿದಳು. "ಮರೆವು... ಎಲ್ಲಿಂದ? ಗೊತ್ತಿತ್ತು."

"ಗೊತ್ತಿತ್ತಾ? ಗೊತ್ತಿದ್ದೂ ನುಂಗಿದ್ಯಾ?"

"ನಿನ್ನ ಗಂಡ... ನೀರಿನ ಲೋಟ ಹಿಡ್ಕೊಂಡು ನಿಂತಿದ್ದ. ಆ ಮುಖ... ಬೇಡ ಅಂದ್ರೆ ಮುಖ ಇಷ್ಟು ಚಿಕ್ಕದಾಗುತ್ತೆ. ಆಮೇಲೆ ನಿನ್ನ ಮಗ ಬಂದ. ಅಪ್ಪಂದು ನುಂಗಿ ಮಗಂದು ನುಂಗ್ದೆ ಇರೋಕಾಗುತ್ತಾ?" ಸ್ವಲ್ಪ ಹೊತ್ತು ಸುಧಾರಿಸಿಕೊಂಡಳು. "ಅವರ ಅನ್ನ ತಿಂತೀನಿ ಪುಟ್ಟಿ. ಅವರಿಗೆ ಕೊಡೋಕೆ ನನ್ನ ಹತ್ರ ಇನ್ನೇನಿದೆ? ಅವರು ಕೊಟ್ಟಿದ್ದನ್ನ ಇಸ್ಕೊಳ್ಳೋದು. ಅದೇ ನನ್ನ ಬಾಡಿಗೆ."

ಪುಟ್ಟಿ ಚಮಚವನ್ನು ಗಂಜಿಯ ಬಟ್ಟಲಿಗೆ ಬಿಟ್ಟಳು. ಅಳು ಬರಲಿಲ್ಲ. ಕೋಪ ಬಂತು, ಮೊದಲು ಅವರ ಮೇಲೆ, ಆಮೇಲೆ ಈ ಅಕ್ಕನ ಮೇಲೆ, ಆಮೇಲೆ ಇಲ್ಲದ ನಲ್ಲಿಯನ್ನು ದಿನಾ ನಿಲ್ಲಿಸಿ ಬಂದು ಊಟ ಮಾಡಿದ ತನ್ನ ಮೇಲೆ.

"ಕೇಳಿಲ್ಲಿ," ಎಂದಳು. "ಅವರ ಅನ್ನ ಅಲ್ಲ, ಅದು ನಾನು ಬೇಯಿಸಿದ ಅನ್ನ. ನೀನು ಯಾರಿಗೂ ಬಾಡಿಗೆ ಕಟ್ಬೇಕಾಗಿಲ್ಲ. ಇನ್ನೊಂದು ಸಲ ಬೇಡದ್ದನ್ನ ಬಾಯಿಗೆ ಹಾಕ್ಕೊಂಡೆ ಅಂದ್ರೆ, ಅಕ್ಕ ಅಂತ ನೋಡಲ್ಲ, ಕೆನ್ನೆಗೆ ಬಾರಿಸ್ತೀನಿ."

"ಬಾರಿಸ್ತೀಯ?" ಅಕ್ಕನ ತುಟಿ ಒಂದು ಕಡೆ ಮಾತ್ರ ನಕ್ಕಿತು. "ಚಿಕ್ಕೋಳಾಗಿದ್ದಾಗ್ಲೇ ಕಚ್ಚಿದ್ದೆ. ಬಾರಿಸೋದೊಂದು ಬಾಕಿ."

ಅಕ್ಕ ಮನೆಗೆ ಬಂದ ಸಂಜೆ ಸಾಹೇಬರು ಹೊಸ ಲೋಟದಲ್ಲಿ ಹಾಲು ತುಂಬಿಸಿಕೊಂಡು ಕೋಣೆಗೆ ಬಂದರು. ಮುಖದ ಮೇಲೆ ಆ ನಗು. ಪುಟ್ಟಿ ಕಿಟಕಿಯ ಬಳಿ ಹಾಸಿಗೆಯ ಹೊದಿಕೆ ಮಡಿಸುತ್ತಿದ್ದಳು, ತಿರುಗಲಿಲ್ಲ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಇದನ್ನು ಅಕ್ಕನೇ ಹೇಳಬೇಕಿತ್ತು. ಹೇಳದಿದ್ದರೆ ಈ ಮನೆಯಲ್ಲಿ ಅವಳು ಇನ್ನೊಂದು ವರ್ಷ ಬದುಕಲಾರಳು ಎಂದು ಪುಟ್ಟಿಗೆ ಗೊತ್ತಿತ್ತು.

"ಅತ್ತಿಗೆ, ಬಿಸಿ ಹಾಲು. ನಾನೇ ಕಾಯಿಸಿದ್ದು."

ಅಕ್ಕ ಲೋಟ ನೋಡಿದಳು. ಅವರ ಮುಖ ನೋಡಿದಳು. ಬಲಗೈ ಅಭ್ಯಾಸದಂತೆ ಮೇಲೇಳಹೋಯಿತು. ಎಡಗೈಯಿಂದ ಅದನ್ನು ಹಿಡಿದು ತೊಡೆಯ ಮೇಲೆ ಒತ್ತಿಕೊಂಡಳು.

"ಬೇಡ."

"ಒಂದು ಗುಟುಕು..."

"ಬೇಡ... ಅಂದೆ."

ಸಾಹೇಬರ ಮುಖ ನಿಜಕ್ಕೂ ಅಷ್ಟು ಚಿಕ್ಕದಾಯಿತು. ಅಕ್ಕ ಅದನ್ನು ಪೂರ್ತಿ ನೋಡಿದಳು, ಕಣ್ಣು ತಗ್ಗಿಸಲಿಲ್ಲ. ಅವರು ಹಾಲು ಚೆಲ್ಲದಂತೆ ಹುಷಾರಾಗಿ ಹಿಂದಕ್ಕೆ ಹೆಜ್ಜೆಯಿಟ್ಟು ಹೋದರು. ಅವರಿಗೆ ಈಗಲಾದರೂ ತಾಗಿತು, ಏನೋ ಒಂದು ತಾಗಿತು ಎಂದು ಪುಟ್ಟಿಗೆ ಅನಿಸಿತು. ಎಷ್ಟಾದರೂ ಗಂಡ. ಒಂದು ಗಳಿಗೆ ಕರುಣೆಯೂ ಬಂತು.

ಊಟದ ಹೊತ್ತಿಗೆ ಎಲ್ಲರೂ ಕೂತರು. ಸಾಹೇಬರ ಗಲ್ಲಕ್ಕೆ ಎರಡು ಬೆರಳು ಹೋದವು.

"ಇವತ್ತು ಅತ್ತಿಗೆಗೆ ಹಾಲು ತಗೊಂಡು ಹೋದೆ," ಎಂದರು. "ಬೇಡ ಅಂದ್ರು. ಬೇರೆ ಯಾರೇ ಆಗಿದ್ರೂ ಒತ್ತಾಯ ಮಾಡ್ತಿದ್ರು. ನಾನು ಅವರ ಮಾತಿಗೆ ಬೆಲೆ ಕೊಟ್ಟೆ. ಸುಮ್ನೆ ವಾಪಸ್ ಬಂದೆ." ತಟ್ಟೆ ತಿರುಗಿಸಿ ಮುಂದೆ ತಳ್ಳಿದರು. "ಹಾಕು."

ಪುಟ್ಟಿ ಹಾಕಲಿಲ್ಲ. ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು.

"ಬಡಿಸ್ಕೊಳ್ಳಿ."

"ಏನಾಯ್ತೇ?"

"ಏನೂ ಆಗಿಲ್ಲ. ನಿಮ್ಮನ್ನ ನೋಡ್ತಾ ನನಗೆ ಊಟ ಇಳಿಯಲ್ಲ. ಇನ್ಮೇಲೆ ಪಾತ್ರೆ ಇಲ್ಲಿ ತಂದಿಡ್ತೀನಿ. ನೀವು ಹೇಳ್ಕೊಳ್ಳಿ, ತಿನ್ಕೊಳ್ಳಿ. ಏನು ಬೇಕಾದ್ರೂ ಮಾಡ್ಕೊಳ್ಳಿ."

"ಅಮ್ಮ, ಅಪ್ಪ ಏನು ತಪ್ಪು ಹೇಳಿದ್ರು ಈಗ?" ಎಂದ ಮಗ, ಅರ್ಥವಾಗದೆ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅದೇ ಪುಟ್ಟಿಗೆ ಇನ್ನೂ ಹೇಸಿಗೆ.

ಅವಳು ಎರಡು ತಟ್ಟೆಯಲ್ಲಿ ಅನ್ನ, ಸಾರು ಹಾಕಿಕೊಂಡು ಮೆಟ್ಟಿಲ ಪಕ್ಕದ ಕೋಣೆಗೆ ಬಂದಳು. ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ನಡೆದದ್ದನ್ನು ಹೇಳಿದಳು.

"ಅದನ್ನೂ... ಹಾಕ್ಕೊಂಡನಾ ಲೆಕ್ಕಕ್ಕೆ?" ಎಂದಳು ಅಕ್ಕ.

"ಹಾಕ್ಕೊಂಡ್ರು."

"ಥೂ."

ಇಬ್ಬರೂ ಉಣ್ಣತೊಡಗಿದರು. ಅಕ್ಕನ ಕೈಯಿಂದ ಅರ್ಧ ಅನ್ನ ಸೀರೆಯ ಮೇಲೆ ಬೀಳುತ್ತಿತ್ತು. ಪುಟ್ಟಿ ತಿನ್ನಿಸಹೋಗಲಿಲ್ಲ, ಕೇಳಿದರೆ ತಿನ್ನಿಸಿದರಾಯಿತು ಎಂದು ಸುಮ್ಮನಿದ್ದಳು. ಹೊರಗೆ ಮೇಜಿನ ಕಡೆಯಿಂದ ಸೊಸೆಯ ದನಿ, ಆಮೇಲೆ ಮಗನ ದನಿ, ಕುರ್ಚಿ ಸರಿದ ಸದ್ದು ಕೇಳಿಸಿತು.

ಬಾಗಿಲಲ್ಲಿ ಮೊಮ್ಮಗಳು ನಿಂತಿದ್ದಳು. ಕೈಯಲ್ಲಿ ಖಾಲಿ ತಟ್ಟೆ. ಒಳಗೆ ಬರಲು ಹೆದರುತ್ತಿದ್ದಳು.

"ಅಜ್ಜಿ," ಎಂದಳು ಮೆಲ್ಲಗೆ. "ನಾನಿವತ್ತು ಏನೂ ಮಾಡಿಲ್ಲ."

"ಏನೂ... ಇಲ್ವಾ?" ಎಂದು ಕೇಳಿದ್ದು ಅಕ್ಕ.

"ಏನೂ ಇಲ್ಲ ದೊಡ್ಡಜ್ಜಿ. ಬರೀ ಆಟ ಆಡ್ದೆ."

"ಹಾಗಾದ್ರೆ ಬಾ," ಎಂದಳು ಅಕ್ಕ. "ಕೂತ್ಕೋ."